ಕಾಡಿನ ದಾರಿ ಸವರಿದವರು

ನಮ್ಮ ಅಂಬತ್ತೂರನ್ನು ಹಾದು ಹೋಗುವ ರೈಲುದಾರಿ ದಕ್ಷಿಣ ಭಾರತದಲ್ಲೇ ಮೊದಲನೆಯದು. 1856ರ ಜುಲೈ 1ರಂದು ರಾಯಪುರಂನಿಂದ ಹೊರಟ ಗಾಡಿ ಆವಡಿ, ತಿರುವಳ್ಳೂರುಗಳ ಮೇಲೆ ಸಾಗಿ ವಾಲಾಜಾ ರೋಡ್ ಮುಟ್ಟಿತು. ಅದೇ ವರ್ಷ ಮದರಾಸು ಸರ್ಕಾರ ತನ್ನ ಪ್ರಾಂತ್ಯದ ಕಾಡುಗಳಿಗೆಂದು ಒಬ್ಬ ಸಂರಕ್ಷಣಾಧಿಕಾರಿಯನ್ನು ನೇಮಿಸಿತು. ಈ ಎರಡು ಸಂಗತಿಗಳಿಗೆ ನಂಟಿಲ್ಲವೆಂದು ತಿಳಿಯಬಾರದು. ಒಂದು ಮೈಲಿ ಕಂಬಿ ಹಾಸಲು ಅಡಿಯಲ್ಲಿ ಕೊಡಬೇಕಾದ ಮರದ ದಿಮ್ಮಿಗಳು ಸುಮಾರು 1,760ರಿಂದ 2,000. ಆ ದಶಕದಲ್ಲಿ ಮದರಾಸು ಪ್ರಾಂತ್ಯವೊಂದರಲ್ಲೇ ಸ್ಲೀಪರುಗಳಿಗಾಗಿ ವರ್ಷಕ್ಕೆ 35,000 ಮರಗಳು ಉರುಳುತ್ತಿದ್ದುವು. ಇಂಜಿನ್ನಿನ ಒಲೆಗೂ ಸೌದೆಯೇ ಬೇಕಿತ್ತು. ಹೀಗೆ ಕಡಿಯುತ್ತ ಹೋದರೆ ನಾಳೆಗೆ ಕಡಿಯಲು ಏನೂ ಉಳಿಯದೆಂಬ ಚಿಂತೆ ಹುಟ್ಟಿದ ಮೇಲೆಯೇ ಕಾಡು ಕಾಯುವ ಇಲಾಖೆ ಹುಟ್ಟಿದ್ದು. ಕಾಯುವುದು ಎಂದರೆ ಯಾರಿಂದ ಕಾಯುವುದು ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು. ಆ ಪ್ರಶ್ನೆ ನಮ್ಮ ಗಡಿಯ ಕನ್ನಡ ಜನರನ್ನು ಇಂದಿಗೂ ಬಿಟ್ಟಿಲ್ಲವಾದುದರಿಂದ ಈ ಹಳೆಯ ಕಡತವನ್ನು ಬಿಚ್ಚುತ್ತಿದ್ದೇವೆ.

ಆ ಮೊದಲ ಅಧಿಕಾರಿಯ ಹೆಸರು ಹ್ಯೂ ಕ್ಲೆಗ್‌ಹಾರ್ನ್. ಹುಟ್ಟಿದ್ದು ಮದರಾಸಿನಲ್ಲೇ, 1820ರಲ್ಲಿ. ಓದಿದ್ದು ಸ್ಕಾಟ್ಲೆಂಡಿನಲ್ಲಿ, ಕಲಿತದ್ದು ವೈದ್ಯ. ಆದರೆ ಗಿಡಮರಗಳ ಮೇಲೆ ಅವನಿಗೆ ಕಣ್ಣು ಬಿದ್ದದ್ದು ನಮ್ಮ ಶಿವಮೊಗ್ಗದಲ್ಲಿ. 1840ರ ದಶಕದಲ್ಲಿ ಮೈಸೂರು ಕಮಿಷನ್ನಿನ ವೈದ್ಯನಾಗಿ ಅಲ್ಲಿದ್ದಾಗ ಸ್ಥಳೀಯ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಯಿಸುತ್ತಿದ್ದ. ಆ ಚಿತ್ರಗಳು ಇಂದಿಗೂ ಸ್ಕಾಟ್ಲೆಂಡಿನಲ್ಲಿವೆ. ನಗರ ಸೀಮೆಯ ಘಟ್ಟಗಳಲ್ಲಿ ಕುಮರಿ ಬೇಸಾಯವನ್ನು ಅವನು ಕಂಡದ್ದೂ ಆಗಲೇ. ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲಿ, ಒಂದೆರಡು ಬೆಳೆ ತೆಗೆದು ಮುಂದಕ್ಕೆ ಹೋಗುವ ಈ ಬೇಸಾಯ ಅವನಿಗೆ ಶುದ್ಧ ಹಾಳುಗೆಡವಾಗಿ ತೋರಿತು. ಮದರಾಸಿನಲ್ಲಿ ಅಧಿಕಾರ ಕೈಗೆ ಬಂದ ಮೇಲೆ 1860ರಲ್ಲಿ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂಬ ಹುಕುಂ ಹೊರಟಿತು. ಆಗ ಕನ್ನಡ ಜಿಲ್ಲೆಯ ಎರಡು ಭಾಗಗಳೂ ಮದರಾಸಿಗೇ ಸೇರಿದ್ದುವೆಂಬುದನ್ನು ಓದುಗರು ನೆನಪಿಡಬೇಕು. ಉತ್ತರ ಕನ್ನಡ ಮುಂಬಯಿಗೆ ಹೋದದ್ದು 1862ರಲ್ಲಿ. ಕ್ಲೆಗ್‌ಹಾರ್ನ್ ಕೆಟ್ಟವನೇನಲ್ಲ. ಕಾಡು ಕಡಿದರೆ ಮಳೆ, ಹೊಳೆ, ಜನರ ಆರೋಗ್ಯ ಎಲ್ಲವೂ ಕೆಡುತ್ತವೆಂದು ಆ ಕಾಲದಲ್ಲೇ ಬರೆದವನು. ಆದರೂ ಮೈಲಿಗೆ ಎರಡು ಸಾವಿರ ದಿಮ್ಮಿ ನುಂಗುವ ಕಂಬಿಯ ಮುಂದೆ ಕುಮರಿಯವನ ಕತ್ತಿಯನ್ನೇ ಮೊದಲು ಕಿತ್ತುಕೊಂಡದ್ದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಹುಕುಂ ಕಾಯಿದೆಯಾದದ್ದು 1882ರಲ್ಲಿ. ಮದರಾಸು ಅರಣ್ಯ ಕಾಯಿದೆಯೆಂಬ ಈ ಶಾಸನ ಹೆಸರನ್ನಷ್ಟೇ ಬದಲಿಸಿಕೊಂಡು ತಮಿಳುನಾಡಿನಲ್ಲಿ ಇಂದಿಗೂ ನಡೆಯುತ್ತಿದೆ. ಒಂದು ಕಾಡನ್ನು ಮೀಸಲೆಂದು ಸಾರುವ ಮುನ್ನ ಅಲ್ಲಿ ಯಾರಿಗೆ ಏನು ಹಕ್ಕಿದೆಯೋ ಅದನ್ನು ಗೊತ್ತುಪಡಿಸಿದ ಅವಧಿಯೊಳಗೆ ಸೆಟ್ಲ್‌ಮೆಂಟ್ ಅಧಿಕಾರಿಯ ಮುಂದೆ ಹೇಳಿಕೊಳ್ಳಬೇಕು. ಮೇವಿನ ಹಕ್ಕು, ನೀರಿನ ಹಕ್ಕು, ಅದರ ಜೊತೆಗೆ ದಾರಿಯ ಹಕ್ಕು. ಹೇಳಿಕೊಳ್ಳದಿದ್ದರೆ ಇಲ್ಲವೆಂದೇ ಲೆಕ್ಕ. ತಾತ ಮುತ್ತಾತ ನಡೆದ ದಾರಿಗೆ ಅರ್ಜಿ ಹಾಕಬೇಕೆಂಬುದು ಬೆಟ್ಟದ ಜನಕ್ಕೆ ಹೊಳೆಯುವ ಮಾತೇ? ಗೆಜೆಟ್ಟು ಓದುವವರು ಅಲ್ಲಿ ಯಾರಿದ್ದರು? ಹೀಗೆ ಎಷ್ಟೋ ಕಾಲುದಾರಿಗಳು ಕಾಗದದ ಮೇಲೆ ಅಳಿಸಿಹೋದುವು. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು. ಹಕ್ಕು ಉಳಿಸಿಕೊಂಡವನು ಬೆಂಕಿ ಬಿದ್ದಾಗ ಆರಿಸಲು ಮಾತ್ರ ಬರಬೇಕಾಯಿತು.

ಪಟ್ಟಣದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಾಲುದಾರಿ ಎಂದರೆ ಯಾರೋ ಹಾಕಿಟ್ಟದ್ದು, ಇದ್ದಲ್ಲಿ ಇರುವಂಥದು. ಮಲೆನಾಡಿನಿಂದಲೋ ಚಾಮರಾಜನಗರದ ಕಡೆಯಿಂದಲೋ ಬಂದ ಹಿರಿಯರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಕಾಡಿನಲ್ಲಿ ದಾರಿ ಒಂದು ಮಳೆಗಾಲ ನಡೆಯದೆ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಏರಿನಲ್ಲಿ ಅಡ್ಡಲಾಗಿ ಕಲ್ಲು ಕೊಟ್ಟು ಮಳೆನೀರನ್ನು ಪಕ್ಕಕ್ಕೆ ತಿರುಗಿಸದಿದ್ದರೆ ದಾರಿಯೇ ಹಳ್ಳವಾಗಿ ಎರಡು ವರ್ಷದಲ್ಲಿ ಮೊಣಕಾಲುದ್ದ ಕೊರೆದುಹೋಗುತ್ತದೆ. ಎರಡೂ ಬದಿಯ ಮುಳ್ಳು ಪೊದೆಗಳನ್ನು ಸವರಬೇಕು, ಬಿದ್ದ ಬಿದಿರು ಎಳೆದುಹಾಕಬೇಕು, ಬೇಸಿಗೆಗೆ ಮುಂಚೆ ತರಗೆಲೆ ತೆಗೆಯಬೇಕು. ತೆಗೆಯದಿದ್ದರೆ ಹಾವು ಕಾಣದು, ಆನೆ ಕಾಣದು, ಒಂದು ಕಿಡಿ ಬಿದ್ದರೆ ಆಚೆ ಓಡುವುದಕ್ಕೂ ದಾರಿ ಕಾಣದು. ಈ ಕೆಲಸಕ್ಕೆ ಯಾವ ಸಂಬಳವೂ ಇರಲಿಲ್ಲ. ನಡೆಯುವವರೇ ಮಾಡಿಕೊಳ್ಳುತ್ತಿದ್ದರು.

ಇದನ್ನು ಅತ್ಯಂತ ಜಾಣತನದಿಂದ ಮಾಡಿಕೊಂಡು ಬಂದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಈ ಬೆಟ್ಟಸಾಲಿನ ಕಥೆ ಮದರಾಸಿನವರಾದ ನಮಗೆ ದೂರದ್ದಲ್ಲ. ಬೆಟ್ಟದ ಯಳಂದೂರು ಪಾಲು ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಸೀಮೆ. ಕೊಳ್ಳೇಗಾಲದ ಪಾಲು ಮಾತ್ರ ಕೊಯಮತ್ತೂರು ಜಿಲ್ಲೆಗೆ ಸೇರಿ 1956ರ ನವೆಂಬರ್ 1ರವರೆಗೂ ಮದರಾಸಿನ ಆಡಳಿತದಲ್ಲಿತ್ತು. ಒಂದೇ ಕಾಡು, ಒಂದೇ ಜನ, ಕನ್ನಡಕ್ಕೆ ಒಡಹುಟ್ಟಾದ ಒಂದೇ ನುಡಿ. ಎರಡು ಸರ್ಕಾರಗಳ ಕಾಯಿದೆ.

ಸೋಲಿಗರಿಗೆ ರಂಗಸ್ವಾಮಿ ದೇವರಷ್ಟೇ ಅಲ್ಲ, ನೆಂಟ. ತಮ್ಮ ಕುಲದ ಕುಸುಮಾಲೆಯನ್ನು ಆತ ಮದುವೆಯಾದನೆಂದೂ, ಆದುದರಿಂದ ತಮಗೆ ಭಾವನಾಗಬೇಕೆಂದೂ ಅವರ ಮಾತು. ದೇವರು ರಾತ್ರಿ ಕಾಡಿನಲ್ಲಿ ಬೇಟೆಗೆ ಅಲೆಯುತ್ತಾನೆ, ಅಲೆದಲೆದು ಚಪ್ಪಲಿ ಸವೆಯುತ್ತದೆ. ಅದಕ್ಕೆಂದು ಬಯಲಿನ ಮಾದಿಗರು ಎರಡು ವರ್ಷಕ್ಕೊಮ್ಮೆ ಹೊಸ ದೊಡ್ಡ ಚಪ್ಪಲಿ ಮೆಟ್ಟಿಸುತ್ತಾರೆ. ನೋಡಿ, ದೇವರಿಗೂ ಚಪ್ಪಲಿ ಸವೆಸುವ ದಾರಿಗಳು ಅಲ್ಲಿವೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳು. ಭಾರ್ಗವಿ ಹೊಳೆಯ ಬಳಿಯ ದೊಡ್ಡಸಂಪಿಗೆ ಮರವನ್ನು ನಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಈ ತಾಣಗಳಿಗೆ ಹೋಗಿಬರುವ ದಾರಿಗಳೇ ಕಾಡಿನ ನಕ್ಷೆ. ಜೇನು, ನೆಲ್ಲಿ, ಅಳಲೆ, ಸೀಗೆ, ಪಾಚಿ ಎಲ್ಲವೂ ಈ ದಾರಿಗಳ ಗುಂಟವೇ ಕೆಳಕ್ಕೆ ಇಳಿಯುತ್ತಿದ್ದುದು.

ದಾರಿಯನ್ನೂ ಕಾಡನ್ನೂ ಹಸನಾಗಿಡಲು ಸೋಲಿಗರಿಗಿದ್ದ ಸಾಧನ ತರಗುಬೆಂಕಿ. ಹೆಸರೇ ಹೇಳುವಂತೆ ಇದು ತರಗೆಲೆಯ ಬೆಂಕಿ, ಮರದ ಬೆಂಕಿಯಲ್ಲ. ಹುಲ್ಲು ಆಗತಾನೆ ಒಣಗಿ, ನೆಲದಲ್ಲಿ ಇನ್ನೂ ತೇವವಿದ್ದು, ಬೆಳಗಿನ ಇಬ್ಬನಿ ಬೀಳುವ ದಿನಗಳಲ್ಲೇ, ಅಂದರೆ ಬೇಸಿಗೆಯ ಬಾಯಿ ತೆರೆಯುವ ಮುನ್ನವೇ ಹಚ್ಚುತ್ತಿದ್ದರು. ಅಷ್ಟು ಬೇಗ ಹಚ್ಚಿದ ಬೆಂಕಿಗೆ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಮೊಣಕಾಲಿನ ಮೇಲೆ ಏಳದೆ, ತರಗನ್ನು ನೆಕ್ಕುತ್ತ ಹೋಗಿ, ಹಸಿ ತಾಗಿದ ಕಡೆ ತಾನೇ ಆರುತ್ತದೆ. ಪ್ರತಿವರ್ಷವೂ ಎಲ್ಲ ಕಡೆಗೂ ಅಲ್ಲ. ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಇದರಿಂದ ದಾರಿ ಬಿಡಿಸಿಕೊಳ್ಳುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ಜಿಂಕೆ ಕಡವೆಗಳು ಬರುತ್ತಿದ್ದುವು. ನೆಲ್ಲಿಮರದ ಕೊಂಬೆಗೆ ಹತ್ತಿ ರಸ ಹೀರುವ ಬಂದಳಿಕೆಯೂ ಬೆಂಕಿಯ ಕಾವಿಗೆ ಹದ್ದಿನಲ್ಲಿರುತ್ತಿತ್ತೆಂದು ಸೋಲಿಗರ ಅನುಭವ. ಎಲ್ಲಕ್ಕಿಂತ ಹೆಚ್ಚಾಗಿ, ಮಾರ್ಚಿಯಲ್ಲಿ ದೊಡ್ಡ ಬೆಂಕಿ ಬಂದರೂ ಅದಕ್ಕೆ ಉರಿಯಲು ಕೂಳಿರುತ್ತಿರಲಿಲ್ಲ.

ಅರಣ್ಯ ಇಲಾಖೆಯ ಕಣ್ಣಿಗೆ ಬೆಂಕಿ ಎಂದರೆ ಎಲ್ಲವೂ ಒಂದೇ ಬೆಂಕಿ. ಯುರೋಪಿನ ಅರಣ್ಯಶಾಸ್ತ್ರ ಕಲಿತು ಬಂದವರಿಗೆ ಕಾಡಿನ ಬೆಂಕಿಯಷ್ಟು ದೊಡ್ಡ ಶತ್ರು ಬೇರೆ ಇರಲಿಲ್ಲ. ಅವರೂ ಸುಡುತ್ತಿದ್ದರು ಎಂಬುದು ತಮಾಷೆ. ಕಾಡಿನ ಅಂಚಿನಲ್ಲೂ ರಸ್ತೆಯ ಪಕ್ಕದಲ್ಲೂ ಅಗಲವಾದ ಪಟ್ಟೆಯನ್ನು ಸವರಿ, ಕಡಿದದ್ದನ್ನು ಒಣಗಿಸಿ, ಬೇಸಿಗೆಗೆ ಮುಂಚೆ ಕಾವಲಿಟ್ಟು ಸುಟ್ಟು, ನೆಲ ಬರಿದು ಮಾಡುವುದು. ಇದಕ್ಕೆ ಫೈರ್‌ಲೈನ್, ಬೆಂಕಿರೇಖೆ ಎನ್ನುತ್ತಾರೆ. ಬಂಡೀಪುರ, ನಾಗರಹೊಳೆಗಳಲ್ಲಿ ಇಂದೂ ಡಿಸೆಂಬರ್, ಜನವರಿಗಳಲ್ಲಿ ನಡೆಯುವ ದೊಡ್ಡ ಕೆಲಸ ಇದೇ. ರೇಖೆ ಸವರುವವರು ಯಾರು? ಹಾಡಿಯ, ಪೋಡಿನ ಜನರೇ. ಕೆಲವು ತಿಂಗಳ ಮಟ್ಟಿಗೆ ಕೂಲಿಗೆ ಬರುವ ವಾಚರುಗಳು. ತನ್ನ ಬುದ್ಧಿಯಿಂದ ಹಚ್ಚಿದರೆ ಕೇಸು, ಗಾರ್ಡು ಹೇಳಿದ ಮೇಲೆ ಹಚ್ಚಿದರೆ ಕೂಲಿ. ಇಷ್ಟು ಬರೆಯುವಾಗ ಇಲಾಖೆಯ ಕೆಳಗಿನ ನೌಕರರನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಆನೆಯ ಕಾಲಿಗೂ ಕಳ್ಳರ ಗುಂಡಿಗೂ ಎದುರಾಗಿ ನಡೆಯುವವರು ಅವರು. ಗೋಪಿನಾಥಂ ಹಳ್ಳಿಯ ಜನರ ನಡುವೆ ಬಾಳಿ, ಅವರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ವೀರಪ್ಪನ್ ಕೈಯಲ್ಲಿ ಹತರಾದುದನ್ನು ಗಡಿಯ ಎರಡೂ ಕಡೆಯವರು ಮರೆತಿಲ್ಲ.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಅಲೆದಾಡುತ್ತಿದ್ದ ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಬೇಸಾಯ ನಿಂತಿತು, ಬೇಟೆ ನಿಂತಿತು, ತರಗುಬೆಂಕಿಯೂ ನಿಂತಿತು. ಆಮೇಲೆ ಬಂದದ್ದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಅಂದದ ಹೂವೆಂದು 19ನೇ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ದೇಶವೆಲ್ಲ ಬಿತ್ತಿದುವು. ಬಿಳಿಗಿರಿಯಲ್ಲಿ ಒಂದೇ ಜಾಗಗಳನ್ನು 1997ರಲ್ಲೂ 2008ರಲ್ಲೂ ಪರೀಕ್ಷಿಸಿದ ಸಂಶೋಧಕರು, ಆ ಹನ್ನೊಂದು ವರ್ಷದಲ್ಲಿ ಲಂಟಾನದ ಹರವು ಸುಮಾರು ಇಮ್ಮಡಿಯಾದುದನ್ನು ಕಂಡರು. ಇದಕ್ಕೆ ಕಾರಣವೇನೆಂದು ಸೋಲಿಗರ ಹಿರಿಯರನ್ನು ಕೇಳಿದಾಗ ಬಂದ ಉತ್ತರ ಒಂದೇ: ಬೆಂಕಿ ನಿಲ್ಲಿಸಿದಿರಿ, ಲಂಟಾನ ಬಂತು. ಸಸಿಯಾಗಿದ್ದಾಗ ತರಗುಬೆಂಕಿಯಲ್ಲಿ ಸಾಯುತ್ತಿದ್ದ ಗಿಡ ಆಳೆತ್ತರ ಬೆಳೆದು ಮರ ಹತ್ತಿತು. ಬೇಸಿಗೆಯಲ್ಲಿ ಅದು ಒಣಗಿ ನಿಂತಾಗ ಬಿದ್ದ ಕಿಡಿ ನೆಲದಲ್ಲಿ ಹರಿಯುವುದಿಲ್ಲ, ಏಣಿ ಹತ್ತಿದಂತೆ ಮರದ ನೆತ್ತಿಗೇ ಏರುತ್ತದೆ. ಅಂಥ ಬೆಂಕಿ ಆರಿದ ಮೇಲೆ ಮೊದಲು ಚಿಗುರುವುದೂ ಲಂಟಾನದ ಬುಡವೇ.

ಎಲ್ಲ ವಿಜ್ಞಾನಿಗಳೂ ಇದನ್ನು ಹೀಗೆಯೇ ಒಪ್ಪುತ್ತಾರೆಂದಲ್ಲ. ಪದೇಪದೇ ಸುಟ್ಟ ಕಡೆ ಮರದ ಸಸಿಗಳು ಮೇಲೇಳುವುದಿಲ್ಲವೆಂಬುದೂ ನಿಜ. ಲಂಟಾನ ದಟ್ಟವಾಗಿ ತುಂಬಿಕೊಂಡ ಮೇಲೆ ಇಂದು ಹೋಗಿ ತರಗುಬೆಂಕಿ ಹಚ್ಚುತ್ತೇವೆಂದರೆ ಅದು ತರಗುಬೆಂಕಿಯಾಗಿ ಉಳಿಯುವುದೂ ಇಲ್ಲ. ಮೊದಲು ಲಂಟಾನ ತೆಗೆಯಬೇಕು. ಅದನ್ನು ತೆಗೆಯುವ ಒಂದು ಹದವನ್ನು ದಿಲ್ಲಿ ವಿಶ್ವವಿದ್ಯಾನಿಲಯದ ಪ್ರೊ. ಸಿ. ಆರ್. ಬಾಬು ತೋರಿಸಿಕೊಟ್ಟರು. ಮೇಲೆ ಮೇಲೆ ಕಡಿದರೆ ಹತ್ತು ಕವಲಾಗಿ ಬರುತ್ತದೆ. ಬುಡದ ಕೆಳಗೆ ಮಣ್ಣಿನೊಳಗೆ ಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಮಣ್ಣು ತಾಗದೆ ಒಣಗುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಈ ಪೀಡೆಯನ್ನೇ ಬಿದಿರಿನ ಬದಲು ಬಳಸಿ ಕುರ್ಚಿ, ಮೇಜು, ಬುಟ್ಟಿ ಮಾಡಲು ಕಲಿತರು. ಒಳ್ಳೆಯ ಕೆಲಸ. ಆದರೆ ಕಾಡೆಲ್ಲ ತುಂಬಿದ ಲಂಟಾನವನ್ನು ಕುರ್ಚಿ ಮಾಡಿ ಮುಗಿಸಲಾರೆವೆಂಬುದೂ ಅಷ್ಟೇ ಸ್ಪಷ್ಟ.

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ರಕ್ಷಿತಾರಣ್ಯವಾಯಿತು. ಜನರನ್ನು ಎಬ್ಬಿಸುತ್ತಾರೆಂಬ ಭಯ ಹಬ್ಬಿತು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಸೋಲಿಗರ ಸಂಘ ಹೋರಾಡಿತು. ಅದೇ ವರ್ಷ 25 ಪೋಡುಗಳಿಗೆ ಸಮುದಾಯದ ಹಕ್ಕುಪತ್ರ ದೊರೆಯಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಅವರು ಮೊದಲಿಗರು. ಇದರ ಹಿಂದೆ, 1981ರಿಂದ ಬೆಟ್ಟದಲ್ಲಿ ನೆಲೆಸಿ ಆಸ್ಪತ್ರೆ, ಶಾಲೆ ನಡೆಸಿದ ಡಾ. ಎಚ್. ಸುದರ್ಶನ್ ಮತ್ತು ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ದುಡಿಮೆಯೂ ಇದೆ. ಓದಿದ ಸೋಲಿಗರ ಒಂದು ತಲೆಮಾರು ಬಂದಿದ್ದರಿಂದಲೇ ಈ ಸಲ ಗೆಜೆಟ್ಟು ಓದುವವರು ಇದ್ದರು. 1882ರಲ್ಲಿ ಇಲ್ಲದ್ದು ಅದೇ. ಶಿರಸಿಯ ಸಲ್ಕಣಿಯಲ್ಲಿ 1983ರಲ್ಲಿ ಹುಟ್ಟಿದ ಅಪ್ಪಿಕೊ ಚಳವಳಿಯನ್ನು ನಮ್ಮವರೆಲ್ಲ ಬಲ್ಲರು. ಬಿಳಿಗಿರಿಯ ಈ ಗೆಲುವು ಅಷ್ಟು ಪ್ರಸಿದ್ಧವಾಗಲಿಲ್ಲವೆಂಬುದು ನಮ್ಮ ಕೊರಗು.

ಗಡಿಯ ಈಚೆಗೆ ಬಂದರೆ ಚಿತ್ರ ಬೇರೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋದಾಗ ತಾಳವಾಡಿ, ಹಾಸನೂರು, ಬರಗೂರು ಬೆಟ್ಟಗಳು ಮದರಾಸಿನಲ್ಲೇ ಉಳಿದುವು. ಇವೆಲ್ಲ ಈಗ ಈರೋಡು ಜಿಲ್ಲೆ. ಬರಗೂರಿನಲ್ಲಿ ಸೋಲಿಗರಿದ್ದಾರೆ, ಕನ್ನಡ ಮಾತಾಡುವ ಲಿಂಗಾಯತರಿದ್ದಾರೆ. ಕೆಂಪು ಮೈಮೇಲೆ ಬಿಳಿ ಮಚ್ಚೆಯ ಬರಗೂರು ದನ ಈ ಲಿಂಗಾಯತರು ಸಾಕಿ ಉಳಿಸಿದ ತಳಿ. ಕಾಡಿನೊಳಗೆ ಪಟ್ಟಿ ಹಾಕಿ, ದನಗಳನ್ನು ಅಲ್ಲೇ ಕೂಡಿ, ಮೇವಿನ ಬೆನ್ನು ಹತ್ತಿ ಹೋಗುವುದು ಅವರ ಪದ್ಧತಿ. ದನ ನಡೆದಲ್ಲಿ ದಾರಿ, ದನ ಮೇಯ್ದಲ್ಲಿ ಒಣಹುಲ್ಲು ಕಡಮೆ. ಕಾಡಿನಲ್ಲಿ ದನ ಮೇಯಿಸುವುದನ್ನು 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ನಿಷೇಧಿಸಿತು. ಮುಂದೆ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ರಕ್ಷಿತಾರಣ್ಯಗಳ ಮಟ್ಟಿಗೆ ಇಳಿಸಿತು. ಬರಗೂರಿಗೆ ಇದರಿಂದ ಉಸಿರು ಬಂತೆನ್ನುವಷ್ಟರಲ್ಲಿ, 2024ರ ಆರಂಭದಲ್ಲಿ ಆ ಬೆಟ್ಟದ ಕಾಡುಗಳೇ ತಂದೈ ಪೆರಿಯಾರ್ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾದುವು. ಹುಲಿ, ಆನೆಗಳಿಗೆ ಬಿಳಿಗಿರಿ, ಸತ್ಯಮಂಗಲ, ಮಲೆಮಹದೇಶ್ವರ ಬೆಟ್ಟಗಳ ಕಾಡು ಒಂದಾಗಿ ಸಿಗಬೇಕೆಂಬುದು ಸರಿಯಾದ ಮಾತೇ. ಪಟ್ಟಿಯ ದನಗಳಿಗೆ ಏನು ಗತಿ ಎಂಬುದೂ ಸರಿಯಾದ ಪ್ರಶ್ನೆಯೇ. ಆಚೆಯ ಪೋಡಿನವನಿಗೆ ಹಕ್ಕುಪತ್ರ ಸಿಕ್ಕ ಕಾಯಿದೆ ಈಚೆಯವನಿಗೂ ಅನ್ವಯಿಸುತ್ತದೆ. ಚೆನ್ನೈಯ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಗಡಿನಾಡ ಕನ್ನಡಿಗರನ್ನು ನೆನೆಯುವಾಗ ಬರಗೂರಿನ ಹೆಸರನ್ನೂ ಸೇರಿಸಬಾರದೇಕೆ?

ನಮ್ಮ ಊರಿನ ಕಾಡಿನ ಮಾತಿಗೆ ಬರೋಣ. ಚೆನ್ನೈಗೆ ಕಾಡು ಎಂದರೆ ಗಿಂಡಿ. 1821ರಲ್ಲಿ ಸರ್ಕಾರ 35,000 ರೂಪಾಯಿ ಕೊಟ್ಟು ಕೊಂಡ ತೋಟ. ಆಗ ಸುಮಾರು 505 ಹೆಕ್ಟೇರು. 1978ರಲ್ಲಿ ರಾಷ್ಟ್ರೀಯ ಉದ್ಯಾನವಾಗುವ ಹೊತ್ತಿಗೆ ವಿದ್ಯಾಸಂಸ್ಥೆಗಳಿಗೆ, ಸ್ಮಾರಕಗಳಿಗೆ ಹಂಚಿ ಹಂಚಿ ಉಳಿದದ್ದು ಅರ್ಧಕ್ಕೆ ಸ್ವಲ್ಪ ಮೇಲೆ. ಇಷ್ಟು ಸಾಕು, ಗಿಂಡಿಯ ಕಥೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಅಂಬತ್ತೂರಿನವರಿಗೆ ಅದಕ್ಕಿಂತ ಹತ್ತಿರವೆನ್ನಬಹುದಾದ ಕಾಡಿನ ದಾರಿ ಪಶ್ಚಿಮಕ್ಕಿದೆ. ಮೊದಲೇ ಹೇಳಿದ ರೈಲಿನಲ್ಲಿ ತಿರುವಳ್ಳೂರಿಗೆ ಹೋಗಿ, ಅಲ್ಲಿಂದ ಪೂಂಡಿ ಜಲಾಶಯ ದಾಟಿದರೆ ಗುಡಿಯಂ ಗುಹೆಗಳ ಗುಡ್ಡ. ಪೂಂಡಿಯವರೆಗೆ ನಮಗೆ ಸುಮಾರು 40 ಕಿಲೋಮೀಟರು. ಕುರುಚಲು ಕಾಡು, ಕೆಂಪು ನೆಲ, ಉರುಟು ಕಲ್ಲುಗಳು ಕೂಡಿ ಗಟ್ಟಿಯಾದ ಬಂಡೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ 1863ರಲ್ಲಿ ಮೊದಲು ಪಲ್ಲಾವರಂನಲ್ಲೂ, ಅದೇ ವರ್ಷ ವಿಲಿಯಂ ಕಿಂಗ್ ಜೊತೆ ಇಲ್ಲಿಯ ಅತ್ತಿರಂಪಾಕ್ಕಂನಲ್ಲೂ ಕಲ್ಲಿನ ಕೈಕೊಡಲಿಗಳನ್ನು ಕಂಡುಹಿಡಿದು ಲೋಕದ ಕಣ್ಣು ತೆರೆಸಿದ. ಮುಂದೆ ಬಳ್ಳಾರಿಯ ಕಪ್ಪಗಲ್ಲು, ಸಂಗನಕಲ್ಲುಗಳ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದವನೂ ಇವನೇ. ಅತ್ತಿರಂಪಾಕ್ಕಂನ ಹಳೆಯ ಪದರಗಳು ಸುಮಾರು 15 ಲಕ್ಷ ವರ್ಷದವೆಂದು ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಮನುಷ್ಯ ನಡೆದ ದಾರಿಗಳಲ್ಲಿ ಇದಕ್ಕಿಂತ ಹಳೆಯದು ನಮ್ಮ ನಾಡಿನಲ್ಲಿ ಇನ್ನೆಲ್ಲಿ ಸಿಕ್ಕೀತು!

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟ ಇಳಿಯುತ್ತಿದ್ದ ಚಾರಣಿಗರು ಕಾಡಿನ ಬೆಂಕಿಗೆ ಸಿಕ್ಕಿ 23 ಮಂದಿ ಸತ್ತರು. ಅವರಲ್ಲಿ ಹಲವರು ಚೆನ್ನೈಯಿಂದ ಹೋದವರು. ಆಳೆತ್ತರದ ಒಣಹುಲ್ಲು, ಕಡಿದಾದ ಇಳಿಜಾರು, ಮೇಲಕ್ಕೆ ನುಗ್ಗುವ ಗಾಳಿ, ಓಡಲು ದಾರಿಯಿಲ್ಲ. ಆ ವರ್ಷವೇ ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ 14 ಜಿಲ್ಲೆಗಳ 40 ದಾರಿಗಳನ್ನು ಗೊತ್ತುಮಾಡಿ, ಮೊದಲೇ ಹಣ ಕಟ್ಟಿ ಹೆಸರು ಬರೆಯಿಸಿದವರಿಗೆ ತೆರೆಯಿತು. ಗುಡಿಯಂ ಅವುಗಳಲ್ಲೊಂದು. ದಾರಿ ತೋರಿಸಲು ಆಯಾ ಊರಿನ, ಹಾಡಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ನೇಮಿಸಿದ್ದಾರೆ. ಈ ಶುಲ್ಕ ಜಾಸ್ತಿಯಾಯಿತೆಂದು ನಮ್ಮವರು ಗೊಣಗುವುದನ್ನು ಕೇಳಿದ್ದೇವೆ. ಅಜ್ಜ ಪುಕ್ಕಟೆಯಾಗಿ ಸವರಿಟ್ಟ ದಾರಿಯಲ್ಲಿ ಮೊಮ್ಮಗ ಮುಂದೆ ನಡೆದು ನಾಲ್ಕು ಕಾಸು ಕಾಣುತ್ತಾನೆಂದರೆ ಕೊಡುವುದಕ್ಕೆ ಬೇಸರವೇಕೆ? ಜೊತೆಗೆ ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತರುವುದು, ಬೀಡಿ ಸಿಗರೇಟು ಹಚ್ಚದಿರುವುದು ಹೇಳಿಸಿಕೊಂಡು ಮಾಡುವ ಕೆಲಸಗಳಲ್ಲ.

ಗುಡಿಯಂಗೆ ಹೋಗುವ ಮನಸ್ಸುಳ್ಳವರು ಮಳೆ ನಿಂತ ಮೇಲೆ, ಡಿಸೆಂಬರ್ ಜನವರಿಯಲ್ಲೇ ಹೋಗಿಬರುವುದು ಲೇಸು. ಫೆಬ್ರವರಿಯ ನಡುವಿನಿಂದ ಬೆಂಕಿಯ ಕಾಲವೆಂದು ಇಲಾಖೆಯವರು ದಾರಿಗಳನ್ನು ಮುಚ್ಚುತ್ತಾರೆ. ಬಿಳಿಗಿರಿಯ ಸೋಲಿಗರು ತಮ್ಮ ತರಗುಬೆಂಕಿಯನ್ನು ಹಚ್ಚಿ, ಅದು ತಾನಾಗಿ ಆರಿ, ಬೂದಿಯ ಮೇಲೆ ಹುಲ್ಲು ಚಿಗುರಲು ತೊಡಗುತ್ತಿದ್ದುದು ಸುಮಾರಾಗಿ ಅದೇ ಹೊತ್ತಿಗೆ.